ಹಿತ್ತಲಿನ ಮರಗೆಲಸದ ಶೆಡ್: ಮೊದಲು ಮರಕ್ಕೆ ಜಾಗ, ಆಮೇಲೆ ಮೆಷಿನ್‌ಗೆ

ಶೆಡ್‌ನ ನಕ್ಷೆಗೆ ಕೈ ಹಾಕುವ ಮುಂಚೆ ಮರದ ಲೆಕ್ಕ ಹಾಕಿದೆ. ಹಳೇ ಬಾಗಿಲು ಬಿಚ್ಚಿದಾಗ ಉಳಿದ ತೇಗ, ಕೊಯ್ಯಿಸಿಟ್ಟ ಹಲಸಿನ ಹಲಗೆ, ಆಗಾಗ ತಂದ ಪೈನ್, ಅರ್ಧ-ಮುಕ್ಕಾಲು ಉಳಿದ ಪ್ಲೈವುಡ್ ಶೀಟು, ಎಸೆಯಲು ಮನಸ್ಸು ಬಾರದ ತುಂಡುಗಳು. ಪ್ಲೈವುಡ್ ಬಿಟ್ಟು ಬರೀ ಹಲಗೆಯನ್ನೇ ಅಳೆದರೆ ಸುಮಾರು 30 ಘನ ಅಡಿ ಬಂತು. ಎಲ್ಲಕ್ಕಿಂತ ಉದ್ದದ ಹಲಗೆ 10 ಅಡಿ. ಒಣಗಿದ ತೇಗ ಘನ ಅಡಿಗೆ 18 ಕೆಜಿ ಆಸುಪಾಸು ತೂಗುತ್ತದೆ. ಅಂದರೆ ಐದೂವರೆ ಕ್ವಿಂಟಲ್ ಹತ್ತಿರದ ಭಾರ. ಇದನ್ನು ಕೊನೆಗೆ ನೋಡಿಕೊಳ್ಳೋಣ ಅಂತ ಬಿಡೋಕಾಗಲ್ಲ ಅಲ್ವಾ?

ಮನೆ ಹಿಂದಿನ ಶೆಡ್‌ಗಳಲ್ಲಿ ಮೆಷಿನ್‌ಗಳಿಗೆ ಒಳ್ಳೆಯ ಜಾಗ ಸಿಕ್ಕಿರುತ್ತದೆ. ಮರ ಮಾತ್ರ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿರುತ್ತದೆ. ಬೇಕಾದ ಹಲಗೆ ಯಾವಾಗಲೂ ಹಿಂದೆಯೇ ಇರುತ್ತದೆ, ಅದನ್ನು ತೆಗೆಯಲು ಮುಂದಿನದ್ದೆಲ್ಲ ಸರಿಸಬೇಕು. ಹಾಗೆ ಒರಗಿಸಿಟ್ಟ ತೆಳು ಹಲಗೆ ಕೆಲವು ತಿಂಗಳಲ್ಲಿ ಬಾಗಿಯೂ ಬಿಡುತ್ತದೆ. ನಾನು ಉಲ್ಟಾ ಕಡೆಯಿಂದ ಹೊರಟೆ. ಮರ ಎಲ್ಲಿ ಮಲಗುತ್ತದೆ, ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದು ಮೊದಲು. ಅದರ ಸುತ್ತ ಗೋಡೆ.

ಹಲಗೆ ನಡೆಯುವ ದಾರಿ

ಚೌಕುಳಿ ಕಾಗದದಲ್ಲಿ ಅಡಿಗೊಂದು ಚೌಕ ಅಂತ ಇಟ್ಟುಕೊಂಡೆ. ರಟ್ಟಿನಲ್ಲಿ ಹತ್ತು ಚೌಕ ಉದ್ದದ ಸಣ್ಣ ಪಟ್ಟಿ ಕತ್ತರಿಸಿದೆ. ಅದೇ ನನ್ನ ಉದ್ದದ ಹಲಗೆ. ಅದನ್ನು ಬಾಗಿಲಿನಿಂದ ರ‍್ಯಾಕ್‌ಗೆ, ರ‍್ಯಾಕ್‌ನಿಂದ ಅಡ್ಡ ಕತ್ತರಿಸುವ ಗರಗಸಕ್ಕೆ, ಅಲ್ಲಿಂದ ಹಲಗೆಯ ಮೈ ಹೆರೆದು ಸಮ ಮಾಡುವ ಪ್ಲೇನರ್‌ಗೆ, ಆಮೇಲೆ ಟೇಬಲ್ ಸಾ (ಮೇಜಿನ ನಡುವಿನಿಂದ ತಿರುಗುವ ಬ್ಲೇಡು ಮೇಲೆದ್ದಿರುವ ಗರಗಸ) ಕಡೆಗೆ ಜರುಗಿಸುತ್ತಾ ಹೋದೆ. ಪಟ್ಟಿ ತಿರುಗುವಾಗ ಗೋಡೆಗೆ ತಾಗಿದ ಕಡೆ ನಕ್ಷೆ ಬದಲಾಯಿತು.

ಜಾಗ ತಿನ್ನುವುದು ಟೇಬಲ್ ಸಾ. ಎಂಟಡಿ ಹಲಗೆಯನ್ನು ಉದ್ದುದ್ದ ಸೀಳಬೇಕಾದರೆ ಮೆಷಿನ್‌ನ ಮುಂದೆ ಎಂಟಡಿ, ಹಿಂದೆ ಎಂಟಡಿ ಖಾಲಿ ಬೇಕು. ಮೆಷಿನ್‌ಗೇ ಎರಡೂವರೆ ಅಡಿ. ಒಟ್ಟು ಹದಿನೆಂಟೂವರೆ. ಹಾಗಾಗಿ ಶೆಡ್‌ನ ಉದ್ದ 20 ಅಡಿ ಅಂತ ನಿಂತಿತು. ಅಗಲ 12 ಅಡಿ. ರ‍್ಯಾಕ್‌ಗೆ ಒಂದೂವರೆ ಅಡಿ, ಅದರ ಮುಂದೆ ಓಡಾಡಲು ಮೂರಡಿ, ಆಮೇಲೆ ಟೇಬಲ್ ಸಾ, ಮತ್ತೆ ಓಡಾಡಲು ಎರಡಡಿ ಚಿಲ್ಲರೆ, ಆಚೆ ಗೋಡೆಗೆ ಎರಡಡಿ ಅಗಲದ ಕೆಲಸದ ಮೇಜು. ಅಷ್ಟಕ್ಕೆ ಸರಿಯಾಯಿತು.

ಆದರೆ 10 ಅಡಿ ಹಲಗೆ ಸೀಳಬೇಕಾದರೆ 22 ಅಡಿಗೂ ಜಾಸ್ತಿ ಬೇಕು. ಅದಕ್ಕಾಗಿ ಇಡೀ ಶೆಡ್ಡನ್ನು ದೊಡ್ಡದು ಮಾಡುವ ಅಗತ್ಯವಿಲ್ಲ. ಗಿಡ್ಡ ಗೋಡೆಯೊಂದರಲ್ಲಿ ಆರಡಿ ಅಗಲದ ಜೋಡಿ ಬಾಗಿಲಿದೆ. ಸೀಳುವಾಗ ನಿಲ್ಲುವುದು ಆ ಕಡೆಗೇ, ಬೇಕಾದರೆ ಹಲಗೆಯ ಬಾಲ ಬಾಗಿಲಾಚೆ ಇರಲಿ. ಎದುರು ಗೋಡೆಯಲ್ಲಿ, ಬ್ಲೇಡಿನ ನೇರಕ್ಕೆ, ಎರಡಡಿ ಅಗಲ ಎಂಟಿಂಚು ಎತ್ತರದ ಒಂದು ಕಿಂಡಿ ಬಿಟ್ಟೆ. ಕೀಲಿರುವ ಸಣ್ಣ ಮುಚ್ಚಳ, ಒಳಗಿನಿಂದ ಚಿಲಕ. ಕಿಂಡಿಯ ಕೆಳ ಅಂಚು ಟೇಬಲ್‌ನ ಮಟ್ಟಕ್ಕಿಂತ ಒಂದಿಂಚು ಕೆಳಗಿದೆ. ಉದ್ದದ ಹಲಗೆಯ ಮೂಗು ತುಸು ಜೋಲುತ್ತದೆ, ಸಮಮಟ್ಟಕ್ಕೆ ಇಟ್ಟರೆ ಅಂಚಿಗೆ ಕುಟ್ಟಿ ನಿಲ್ಲುತ್ತದೆ. ಬ್ಲೇಡು ತಿರುಗುತ್ತಿರುವಾಗ ಹಲಗೆ ಹಾಗೆ ತಡೆದರೆ ಅಪಾಯ.

ನೆಲ

ಆರಿಂಚು ಜಲ್ಲಿ ಹಾಕಿ ಚೆನ್ನಾಗಿ ದಮ್ಮಸ್ಸು ಮಾಡಿಸಿ, ಮೇಲೆ ದಪ್ಪ ಪಾಲಿಥೀನ್ ಹಾಳೆ ಹಾಸಿ, ಅದರ ಮೇಲೆ ನಾಲ್ಕಿಂಚು ಕಾಂಕ್ರೀಟ್. ಹಾಳೆಗಳ ಸೇರುವೆಯಲ್ಲಿ ಒಂದರ ಮೇಲೊಂದು ಒಂದಡಿ ಬರುವ ಹಾಗೆ ನೋಡಿಕೊಂಡೆ. ಈ ಹಾಳೆ ಬಿಟ್ಟರೆ ಮಣ್ಣಿನ ತೇವ ಕಾಂಕ್ರೀಟಿನ ಮೂಲಕ ಮೇಲಕ್ಕೆ ಬರುತ್ತಲೇ ಇರುತ್ತದೆ, ಅಲ್ಲಿ ಒಣಗಿಸಿಟ್ಟ ಮರ ಮತ್ತೆ ನೀರು ಕುಡಿಯುತ್ತದೆ. ನೆಲದ ಮಟ್ಟ ಹಿತ್ತಲಿಗಿಂತ ಆರಿಂಚು ಮೇಲೆ. ಮಳೆ ನೀರು ಒಳಗೆ ಬರಬಾರದು ಅನ್ನುವುದು ಒಂದು ಕಾರಣ. ಇನ್ನೊಂದು ಗೆದ್ದಲು. ಅದು ಮಣ್ಣಿನ ಕೊಳವೆ ಕಟ್ಟಿಕೊಂಡೇ ಮೇಲೆ ಹತ್ತುತ್ತದೆ. ಪಾಯದ ಅಂಚು ಸುತ್ತಲೂ ಆರಿಂಚು ಬರಿದಾಗಿ ಕಾಣುತ್ತಿದ್ದರೆ ಆ ಕೊಳವೆ ಕಣ್ಣಿಗೆ ಬೀಳುತ್ತದೆ. ಅಂಚಿಗೆ ಮಣ್ಣು ಏರಿಸಿ ಹೂವಿನ ಗಿಡ ನೆಟ್ಟರೆ ನೋಡೋದಕ್ಕೆ ಚೆಂದ, ಗೆದ್ದಲಿಗೂ ಅನುಕೂಲ.

ಕಾಂಕ್ರೀಟಿಗೆ ವಾರದ ಮೇಲೂ ನೀರು ಬಿಡಿಸಿದೆ. ಆಮೇಲೆ ಒಣಗಲು ಸುಮ್ಮನೆ ಬಿಟ್ಟೆ. ಒಣಗಿದೆಯಾ ಅಂತ ನೋಡಲು ಸುಲಭದ ದಾರಿ ಇದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪ್ ಒತ್ತಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ಹಾಳೆಯ ಅಡಿಯಲ್ಲಿ ಬೆವರು ಕಂಡರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಈ ಪರೀಕ್ಷೆ ಪಾಸಾಗುವ ತನಕ ಒಂದು ಹಲಗೆಯನ್ನೂ ಒಳಗೆ ತರಲಿಲ್ಲ.

ಗೋಡೆ, ಮಾಡು (ಚಾವಣಿ)

ಇದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಬಾಕ್ಸ್ ಪೈಪಿನ ಕಂಬಗಳು, ನಡುವೆ ಅಡ್ಡಪೈಪು, ಹೊರಗೆ ಸಿಮೆಂಟ್ ಬೋರ್ಡು. ಉಪಕರಣ ತೂಗುಹಾಕುವ ಗೋಡೆಗೆ ಮಾತ್ರ ಒಳಗಡೆ 12 ಎಂಎಂ ಪ್ಲೈವುಡ್, ಎಲ್ಲಿ ಬೇಕಾದರೂ ಸ್ಕ್ರೂ ಹೊಡೆಯಬಹುದು. ಮಾಡಿಗೆ ಒಂದೇ ಕಡೆ ಇಳಿಜಾರು: ಮೇಜಿನ ಬದಿ 10 ಅಡಿ, ರ‍್ಯಾಕಿನ ಬದಿ 8 ಅಡಿ. ರ‍್ಯಾಕಿನ ಬದಿಯಲ್ಲಿ ಮಾಡನ್ನು ಗೋಡೆಯಾಚೆಗೂ ನಾಲ್ಕಡಿ ಚಾಚಿಸಿ ಹೊರಗೆ ಬೇರೆ ಕಂಬ ಕೊಟ್ಟೆ. ಅದರ ಕೆಲಸ ಮುಂದೆ ಬರುತ್ತದೆ.

ತಗಡಿನ ಶೀಟು ಹೊದೆಸುವವರು ಒಂದನ್ನು ಮರೆಯಬಾರದು. ರಾತ್ರಿ ತಗಡು ತಣ್ಣಗಾದಾಗ ಒಳಗಿನ ಗಾಳಿಯ ತೇವ ಅದರ ಅಡಿಯಲ್ಲಿ ಹನಿಗಟ್ಟುತ್ತದೆ. ಆ ಹನಿ ಬೀಳುವುದು ಮರದ ಮೇಲೆ, ಟೇಬಲ್ ಸಾದ ಬೀಡುಕಬ್ಬಿಣದ ಮೇಲೆ. ಶೀಟಿನ ಅಡಿಗೆ ಇನ್ಸುಲೇಶನ್ ಹಾಳೆ ಬೇಕೇ ಬೇಕು. ಜೊತೆಗೆ ಎರಡೂ ಬದಿಯಲ್ಲಿ ಸೂರಿನ ಕೆಳಗೆ ಉದ್ದಕ್ಕೂ ಜಾಲರಿ ಹಾಕಿದ ಸಂದು, ರ‍್ಯಾಕಿನ ಹಿಂದೆ ನೆಲದ ಹತ್ತಿರ ಎರಡು ಗಾಳಿ ಕಿಂಡಿ. ತಣ್ಣನೆ ಗಾಳಿ ಕೆಳಗಿನಿಂದ ಬಂದು ಮರದ ನಡುವೆ ಹಾದು ಮೇಲಿನ ಸಂದಿನಿಂದ ಹೋಗುತ್ತದೆ.

ರ‍್ಯಾಕ್

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡದ್ದು ಇದಕ್ಕೆ. ಗೋಡೆಗೆ ಬಿಡಿಬಿಡಿಯಾಗಿ ಬ್ರಾಕೆಟ್ ಹೊಡೆಯುವುದು ಎಲ್ಲರೂ ಮಾಡುವ ಕೆಲಸ. ನಾನೂ ಮೊದಲು ಅದನ್ನೇ ಯೋಚಿಸಿದ್ದೆ. ಕಾಗದದಲ್ಲಿ ಭಾರ ಹಂಚಿ ನೋಡಿದ ಮೇಲೆ ಬಿಟ್ಟೆ.

ಲೆಕ್ಕ ಹೀಗಿದೆ. 16 ಇಂಚು ಚಾಚಿದ ತೋಳುಗಳ ಒಂದು ಅಂತಸ್ತಿನಲ್ಲಿ 10 ಅಡಿ ಉದ್ದಕ್ಕೆ ಆರಿಂಚು ಎತ್ತರ ಮರ ಪೇರಿಸಿದರೆ ಆರೂಮುಕ್ಕಾಲು ಘನ ಅಡಿ ಹತ್ತಿರ, ಅಂದರೆ 120 ಕೆಜಿ. ಆರು ತೋಳುಗಳಿಗೆ ಹಂಚಿದರೆ ತಲಾ 20. ಆ ಭಾರದ ನಡುಬಿಂದು ಗೋಡೆಯಿಂದ ಎಂಟಿಂಚು ದೂರದಲ್ಲಿದೆ. ಬ್ರಾಕೆಟ್‌ನ ಮೇಲಿನ ಬೋಲ್ಟಿಗೂ ಕೆಳಗಿನದಕ್ಕೂ ನಾಲ್ಕೇ ಇಂಚು ಅಂತರ ಇದ್ದರೆ, 20ನ್ನು 8ರಿಂದ ಗುಣಿಸಿ 4ರಿಂದ ಭಾಗಿಸಿ: ಮೇಲಿನ ಬೋಲ್ಟನ್ನು 40 ಕೆಜಿ ಹೊರಗೆಳೆಯುತ್ತಿರುತ್ತದೆ. ಹಗಲೂ ರಾತ್ರಿ, ಪ್ರತಿ ಬ್ರಾಕೆಟ್‌ನಲ್ಲೂ. ಯಾರಾದರೂ ತೋಳಿನ ತುದಿಗೆ ಕೈಯೂರಿದರೆ ಇನ್ನೂ ಜಾಸ್ತಿ.

ಅದೇ ತೋಳುಗಳನ್ನು ನೆಲದಿಂದ ಎದ್ದ ಕಂಬಕ್ಕೆ ಬೆಸುಗೆ ಹಾಕಿದರೆ ಕಥೆಯೇ ಬೇರೆ. ಪೂರ್ತಿ ಭಾರ ಕಂಬದ ಮೂಲಕ ನೆಲಕ್ಕೆ ಇಳಿಯುತ್ತದೆ. ಗೋಡೆಯ ಚೌಕಟ್ಟು ಮಾಡಬೇಕಾದ್ದು ಕಂಬ ಮುಂದಕ್ಕೆ ಬೀಳದ ಹಾಗೆ ಹಿಡಿಯುವುದಷ್ಟೇ. ನನ್ನ ರ‍್ಯಾಕ್‌ನಲ್ಲಿ ಐದು ಅಂತಸ್ತು. ಕೆಳಗಿನ ಮೂರು 16 ಇಂಚು, ಮೇಲಿನ ಎರಡು 12 ಇಂಚು. ಎಲ್ಲ ತುಂಬಿದರೆ 540 ಕೆಜಿ. ಕಂಬವನ್ನು 78 ಇಂಚು ಎತ್ತರದಲ್ಲಿ ಗೋಡೆಯ ಅಡ್ಡಪೈಪಿಗೆ ಬೋಲ್ಟ್ ಮಾಡಿದರೆ, ಅಲ್ಲಿ ಒಂದೊಂದು ಕಂಬಕ್ಕೆ ಬರುವ ಎಳೆತ ಎಂಟೂವರೆ ಕೆಜಿ ಅಷ್ಟೇ! ಅದರ ಹಲವು ಪಟ್ಟು ತಡೆಯುವ ಬೋಲ್ಟ್ ಹಾಕಿದ್ದೇನೆ ಅನ್ನುವುದು ಬೇರೆ ಮಾತು. ಕಂಬದ ಬುಡಕ್ಕೆ ಬೇಸ್ ಪ್ಲೇಟ್, ನೆಲಕ್ಕೆ ಆಂಕರ್ ಬೋಲ್ಟ್.

ಕಂಬಗಳ ನಡುವಿನ ಅಂತರ ಎರಡಡಿ. ಆರು ಕಂಬ ನಿಲ್ಲಿಸಿದರೆ 10 ಅಡಿ. ವೆಲ್ಡಿಂಗ್ ಮಾಡಲು ಬಂದವರು ಇದನ್ನು ನೋಡಿ, "ಇಷ್ಟೊಂದು ಕಂಬ ಯಾಕೆ ಸಾರ್, ಮೂರು ಸಾಕಲ್ವಾ? ಟಿಂಬರ್ ಡಿಪೋ ಹಾಕ್ತೀರಾ?" ಅಂದರು. ಭಾರ ಹೊರಲು ಮೂರು ಸಾಕು, ಅವರು ಹೇಳಿದ್ದು ನಿಜ. ಆದರೆ ಹಲಗೆ ಜೋಲಬಾರದು ಅಂದರೆ ಸಾಲದು. ತನ್ನದೇ ತೂಕಕ್ಕೆ ಹಲಗೆ ಜೋಲುವ ಪ್ರಮಾಣ ಆಧಾರಗಳ ಅಂತರದ ನಾಲ್ಕನೇ ಘಾತದಂತೆ ಏರುತ್ತದೆ. ನಾಲ್ಕಡಿ ಅಂತರವನ್ನು ಎರಡಡಿಗೆ ಇಳಿಸಿದರೆ ಜೋಲು ಅರ್ಧ ಆಗುವುದಿಲ್ಲ, ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಮುಕ್ಕಾಲಿಂಚಿನ ಹಲಗೆ ವರ್ಷಗಟ್ಟಲೆ ಮಲಗುವ ಜಾಗದಲ್ಲಿ ಇದು ದೊಡ್ಡ ವ್ಯತ್ಯಾಸ. ಇನ್ನೊಂದು ಲಾಭ: ಮೂರಡಿ ತುಂಡು ಕೂಡ ಎರಡು ತೋಳಿನ ಮೇಲೆ ಆರಾಮಾಗಿ ಕೂರುತ್ತದೆ.

ಕಂಬಕ್ಕೆ ಎರಡಿಂಚಿನ ಬಾಕ್ಸ್ ಪೈಪು, ತೋಳಿಗೆ ಒಂದಿಂಚಿನದು, ಎರಡೂ 2 ಎಂಎಂ ದಪ್ಪ. ಅಂತಸ್ತುಗಳ ಎತ್ತರ ನೆಲದಿಂದ 24, 36, 48, 58, 68 ಇಂಚು. ಅದಕ್ಕಿಂತ ಮೇಲೆ ಬೇಡ. ಹತ್ತಡಿ ಹಲಗೆಯನ್ನು ತಲೆಯ ಮೇಲೆ ಕೈಯೆತ್ತಿ ಒಬ್ಬರೇ ಇಳಿಸುವುದು ಒಳ್ಳೆಯದಲ್ಲ. ದಪ್ಪದ್ದು, ಭಾರದ್ದು ಕೆಳಗೆ, ರೀಪು ಮತ್ತು ತೆಳು ಪಟ್ಟಿಗಳು ಮೇಲೆ. ಪ್ರತಿ ತೋಳಿನ ತುದಿ ಬುಡಕ್ಕಿಂತ ಅರ್ಧ ಇಂಚು ಎತ್ತರದಲ್ಲಿದೆ, ಹಲಗೆ ಮುಂದಕ್ಕೆ ಜಾರುವುದಿಲ್ಲ. ತೋಳುಗಳ ಹಿಂದೆ, ಗೋಡೆಗೂ ಮರಕ್ಕೂ ನಡುವೆ ಎರಡಿಂಚು ಖಾಲಿ. ಗಾಳಿಗೂ ಬೇಕು, ಟಾರ್ಚ್ ಬಿಟ್ಟು ಗೆದ್ದಲು ನೋಡುವುದಕ್ಕೂ ಬೇಕು.

ಈಗ ಚಿಕ್ಕದಾದರೂ ನಾನು ಬಹಳ ಹೊತ್ತು ಕೊಟ್ಟ ಕೆಲಸ. ಬೆಸುಗೆ ಹಾಕಿದ ಕಬ್ಬಿಣ ತಣ್ಣಗಾಗುವಾಗ ತುಸು ಎಳೆದುಕೊಳ್ಳುತ್ತದೆ. ಎಷ್ಟು ಜಾಗ್ರತೆ ಮಾಡಿದರೂ ಒಂದೇ ಅಂತಸ್ತಿನ ಆರು ತೋಳು ಒಂದೇ ಮಟ್ಟಕ್ಕೆ ಬರುವುದಿಲ್ಲ, ಎರಡು ಮೂರು ಎಂಎಂ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಅದರ ಮೇಲೆ ಮಲಗಿದ ಹಲಗೆ ನಿಧಾನವಾಗಿ ತಿರುಚಿಕೊಳ್ಳುತ್ತದೆ. ಅಲ್ಲದೆ ತೇಗ, ಹಲಸಿನಂಥ ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥ ತೇವದ ಜೊತೆ ಸೇರಿ ಕಬ್ಬಿಣಕ್ಕೆ ತಾಗಿದರೆ ನೀಲಿಗಪ್ಪು ಕಲೆ ಬೀಳುತ್ತದೆ. ಹತ್ತರಿ ಹಿಡಿದು ಹೆರೆದರೂ ಆ ಕಲೆ ಸುಲಭಕ್ಕೆ ಹೋಗಲ್ಲ, ಆಳಕ್ಕೆ ಇಳಿದಿರುತ್ತದೆ. ಎರಡಕ್ಕೂ ಒಂದೇ ಮದ್ದು. ಪ್ರತಿ ತೋಳಿನ ಮೇಲೆ ಮುಕ್ಕಾಲಿಂಚಿನ ರೀಪು ಹೊದಿಸಿದೆ. ಸ್ಕ್ರೂ ಹಾಕಿದ್ದು ಕೆಳಗಿನಿಂದ, ಮೇಲೆ ತಲೆ ಕಾಣಬಾರದು, ಹಲಗೆಗೆ ಗೀರಬಾರದು.

ಆಮೇಲೆ ಮೊದಲ ತೋಳಿನಿಂದ ಆರನೆಯದಕ್ಕೆ ದಾರ ಬಿಗಿದು ನೋಡಿದೆ. ದಾರ ಎತ್ತಿ ಹಿಡಿಯುವ ರೀಪಿಗೆ ಹತ್ತರಿ, ದಾರದಿಂದ ಕೆಳಗಿರುವ ರೀಪಿನ ಅಡಿಗೆ ತೆಳು ಪಟ್ಟಿ. ತುದಿಯಲ್ಲಿ ಒಂದು ದಾರ, ಬುಡದಲ್ಲಿ ಒಂದು. ಕೊನೆಗೆ ಮೊದಲ ಮತ್ತು ಆರನೇ ತೋಳಿನ ಮೇಲೆ ನೇರವಾದ ಎರಡು ಪಟ್ಟಿ ಇಟ್ಟು, ಒಂದು ಕಣ್ಣು ಮುಚ್ಚಿ ಪಕ್ಕದಿಂದ ನೋಡಿದರೆ ಎರಡರ ಅಂಚೂ ಒಂದೇ ಗೆರೆಯಾಗಿ ಕಾಣಬೇಕು. ಒಂದರ ಮೂಲೆ ಮಾತ್ರ ಮೇಲೆದ್ದು ಕಂಡರೆ ತಿರುಚು ಉಳಿದಿದೆ ಅಂತ. ರಸಮಟ್ಟಕ್ಕೆ ಸಿಗದ ತಿರುಚು ಈ ಪಟ್ಟಿಗಳಲ್ಲಿ ಸಿಗುತ್ತದೆ.

ಅಡ್ಡ ಕತ್ತರಿಸುವ ಗರಗಸವನ್ನು ರ‍್ಯಾಕ್ ಮುಗಿಯುವಲ್ಲೇ, ಎರಡೂವರೆ ಅಡಿ ಬಿಟ್ಟು ಕೂರಿಸಿದೆ. ಅದರ ತಟ್ಟೆಯ ಮಟ್ಟವನ್ನು 36 ಇಂಚಿನ ಅಂತಸ್ತಿನ ರೀಪಿನ ಮಟ್ಟಕ್ಕೆ ಸರಿಯಾಗಿ ಹೊಂದಿಸಿದ್ದೇನೆ. ಆ ಅಂತಸ್ತಿನ ಮುಂಭಾಗದ ನಾಲ್ಕಿಂಚು ಯಾವಾಗಲೂ ಖಾಲಿ. ಉದ್ದದ ಹಲಗೆ ತಂದು ಕತ್ತರಿಸುವಾಗ ಅದರ ಬಾಲ ತೋಳುಗಳ ಮೇಲೇ ಕೂತಿರುತ್ತದೆ. ಬೇರೆ ಸ್ಟ್ಯಾಂಡ್ ಬೇಡ, ಇನ್ನೊಬ್ಬರು ಹಿಡಿಯುವುದೂ ಬೇಡ.

ಹಸಿ ಮರ ಹೊರಗೆ

ಒಣಗದ ಹಲಗೆಗೆ ಈ ರ‍್ಯಾಕ್‌ನಲ್ಲಿ ಜಾಗವಿಲ್ಲ. ಅದರ ಸ್ಥಾನ ಚಾಚಿದ ಮಾಡಿನ ಕೆಳಗೆ. ಮಳೆ, ನೇರ ಬಿಸಿಲು ಬೀಳಬಾರದು, ಗಾಳಿ ಆಡಬೇಕು. ಬೇಗ ಒಣಗಲಿ ಅಂತ ಬಿಸಿಲಿಗೆ ಹಾಕಿದರೆ ಮೇಲ್ಮೈ ಮೊದಲು ಕುಗ್ಗಿ, ಒಳಗಿನ್ನೂ ಹಸಿಯಾಗಿಯೇ ಇದ್ದು, ಬಿರುಕು ಬಿಡುತ್ತದೆ.

ಅಲ್ಲಿ ಒಂದೂವರೆ ಅಡಿ ಎತ್ತರದ ಸಿಮೆಂಟ್ ಬ್ಲಾಕುಗಳು, ಮೇಲೆ ಅಡ್ಡ ತೊಲೆ, ಎರಡಡಿಗೆ ಒಂದರಂತೆ. ತೊಲೆಗಳನ್ನು ದಾರ ಹಿಡಿದು ಒಂದೇ ಮಟ್ಟಕ್ಕೆ ತಂದೆ. ಕೆಳಗೆ ಡೊಂಕಿದ್ದರೆ ಪೇರಿಸಿದ ಅಷ್ಟೂ ಹಲಗೆ ಅದೇ ಡೊಂಕಿಗೆ ಒಣಗುತ್ತದೆ. ಪ್ರತಿ ಪದರದ ನಡುವೆ ಒಂದಿಂಚು ಚೌಕದ ರೀಪಿನ ತುಂಡುಗಳು. ಇವು ಒಣಗಿದ ಮರದ್ದೇ ಆಗಿರಬೇಕು, ಹಸಿ ತುಂಡು ಇಟ್ಟರೆ ಹಲಗೆಗೆ ಅಡ್ಡ ಕಲೆ ಬೀಳುತ್ತದೆ, ಬೂಷ್ಟೂ ಹಿಡಿಯಬಹುದು. ರೀಪು ತುಂಡುಗಳು ಒಂದರ ಮೇಲೊಂದು ನೇರ ಸಾಲಿನಲ್ಲಿ, ಕೆಳಗಿನ ತೊಲೆಯ ನೆತ್ತಿಗೇ ಬರಬೇಕು. ಮೂರಿಂಚು ಆಚೀಚೆ ಆದರೂ ಆ ಜಾಗದಲ್ಲಿ ಹಲಗೆ ಬಾಗಲು ಶುರು. ಎಲ್ಲಕ್ಕೂ ಮೇಲೆ ಸಿಮೆಂಟ್ ಬ್ಲಾಕಿನ ಹೇರು.

ಹಲಗೆಯ ಎರಡೂ ತುದಿಗೆ ದಪ್ಪ ಪೇಂಟ್ ಬಳಿದಿದ್ದೇನೆ. ನೀರು ಮರದ ಎಳೆಯುದ್ದಕ್ಕೆ ಚಲಿಸುವ ವೇಗ ಅಡ್ಡಕ್ಕೆ ಚಲಿಸುವುದಕ್ಕಿಂತ ಹತ್ತರಿಂದ ಹದಿನೈದು ಪಟ್ಟು. ಹಾಗಾಗಿ ತುದಿ ಬಹಳ ಬೇಗ ಒಣಗಿ ಸೀಳುತ್ತದೆ. ಕೊಯ್ದ ದಿನವೇ ಬಳಿಯುವುದು ಒಳ್ಳೆಯದು, ಬಿರುಕು ಬಿಟ್ಟ ಮೇಲೆ ಬಳಿದರೆ ಸುಮ್ನೆ ಪೇಂಟ್ ದಂಡ.

ಎಷ್ಟು ಕಾಲ ಬೇಕು? ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಬಾಯಿ ಲೆಕ್ಕ. ಮರದ ಜಾತಿ, ಹವೆ ಎರಡೂ ಅದನ್ನು ಬದಲಾಯಿಸುತ್ತವೆ. ನಂಬಬೇಕಾದ್ದು ತೂಕವನ್ನು. ಮರದ ತೇವಾಂಶ 28-30 ಶೇಕಡಾಕ್ಕಿಂತ ಕೆಳಗೆ ಇಳಿದ ಮೇಲೆಯೇ ಕುಗ್ಗುವುದು ಶುರುವಾಗುತ್ತದೆ. ಕುಗ್ಗುವುದೂ ಎಲ್ಲ ಕಡೆ ಒಂದೇ ಸಮ ಅಲ್ಲ. ವರ್ಷದ ಉಂಗುರಗಳ ಗುಂಟ ಆಗುವ ಕುಗ್ಗು, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಎರಡು ಪಟ್ಟಿನ ಹತ್ತಿರ. ಹಲಗೆ ದೋಣಿಯಂತೆ ಬಳುಕುವುದು ಇದರಿಂದಲೇ. ನಾನು ಪೇರಿಸಿದ ಹಲಗೆಗಳ ನಡುವಿನಿಂದ ಒಂದು ಹಲಗೆಯನ್ನು ಗುರುತು ಮಾಡಿಕೊಂಡು ಆಗಾಗ ತೂಗಿ, ದಿನಾಂಕದ ಜೊತೆ ಅದರ ಮೇಲೇ ಪೆನ್ಸಿಲಿನಲ್ಲಿ ಬರೆಯುತ್ತೇನೆ. ತೂಕ ಇಳಿಯುವುದು ನಿಂತರೆ ಹೊರಗಿನ ಗಾಳಿಗೆ ಒಣಗುವಷ್ಟು ಒಣಗಿತು ಅಂತ ಅರ್ಥ. ಗಾಳಿಯ ಆರ್ದ್ರತೆ 65 ಶೇಕಡಾ ಇದ್ದರೆ ಮರ 12 ಶೇಕಡಾದ ಹತ್ತಿರ ನಿಲ್ಲುತ್ತದೆ, 80 ಶೇಕಡಾ ಇದ್ದರೆ 16ರ ಹತ್ತಿರ.

ಪಿನ್ ಚುಚ್ಚುವ ಮೀಟರ್ ಇದೆ, ಬೇಗ ನೋಡಲು ಅನುಕೂಲ. ಅನುಮಾನ ಬಂದರೆ ಹಳೇ ವಿಧಾನವೇ ಸರಿ. ತುದಿಯಿಂದ ಒಂದಡಿ ಒಳಗೆ ಒಂದಿಂಚಿನ ಚೂರು ಕತ್ತರಿಸಿ ತೂಗಿ, 103 ಡಿಗ್ರಿ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಡಬೇಕು. 86 ಗ್ರಾಂ ಇದ್ದದ್ದು 74 ಆದರೆ, ಹೋದ 12 ಗ್ರಾಮನ್ನು 74ರಿಂದ ಭಾಗಿಸಿ: 16 ಶೇಕಡಾ ಚಿಲ್ಲರೆ. ಭಾಗಿಸಬೇಕಾದ್ದು ಒಣ ತೂಕದಿಂದ, ಹಸಿ ತೂಕದಿಂದಲ್ಲ.

ಒಳಗೆ ತರುವ ಮುಂಚೆ ಇನ್ನೊಂದು ತಪಾಸಣೆ, ಕುಟ್ಟೆ ಹುಳದ್ದು. ಹಲಗೆಯ ಅಂಚಿನ ಬಿಳಿ ಭಾಗದಲ್ಲಿ ಪಿಷ್ಟ ಇರುತ್ತದೆ, ಅದರ ಆಸೆಗೇ ಹುಳ ಬರುವುದು. ಚೇಗಿನ (ಒಳಗಿನ ಗಟ್ಟಿ ಮರದ) ಭಾಗಕ್ಕೆ ಅದು ಅಷ್ಟಾಗಿ ಹೋಗಲ್ಲ. ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಕೊಡತಿಯಿಂದ ತಟ್ಟಿದರೆ ಸಣ್ಣ ತೂತುಗಳಿಂದ ನುಣುಪಾದ ಪುಡಿ ಉದುರುತ್ತದೆ. ಉದುರಿದರೆ ಆ ಹಲಗೆ ಹೊರಗೇ. ಹಳೇ ಪ್ಯಾಲೆಟ್ (ಸರಕು ಹೇರುವ ಮರದ ಚೌಕಟ್ಟು) ಬಿಚ್ಚಿ ತರುವವರು ಅದರ ಮೇಲಿನ ಮುದ್ರೆ ನೋಡಬೇಕು. ಎಚ್‌ಟಿ ಅಂತ ಇದ್ದರೆ ಬಿಸಿ ಮಾಡಿದ್ದು: ಮರದ ನಡುಭಾಗ 56 ಡಿಗ್ರಿಯಲ್ಲಿ ಅರ್ಧ ಗಂಟೆ ಇರಬೇಕು ಅನ್ನುವುದು ನಿಯಮ. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಕೊಟ್ಟದ್ದು, ನಾನು ಮುಟ್ಟುವುದಿಲ್ಲ.

ಪ್ಲೈವುಡ್ ಮತ್ತು ತುಂಡುಗಳು

ಎಂಟಕ್ಕೆ ನಾಲ್ಕಡಿಯ 18 ಎಂಎಂ ಪ್ಲೈವುಡ್ ಶೀಟು 30-35 ಕೆಜಿ ಬರುತ್ತದೆ. ಮಲಗಿಸಿ ಇಡಲು ಜಾಗವಿಲ್ಲ, ಹಾಗಾಗಿ ಉದ್ದದ ಅಂಚಿನ ಮೇಲೆ ನಿಲ್ಲಿಸಿದ್ದೇನೆ. ಬಾಗಿಲಿನಿಂದ ಬಂದ ಶೀಟು ತಿರುಗದೆ ನೇರ ಒಳಗೆ ಜಾರುವ ಹಾಗೆ ಒಂದಡಿ ಅಗಲದ ಗೂಡು, ಮೇಜಿನ ಗೋಡೆಯ ಬಾಗಿಲ ಕಡೆ. ತಳಕ್ಕೆ ನೆಲದಿಂದ ಎರಡಿಂಚು ಎತ್ತರಿಸಿದ ರೀಪು, ಅದಕ್ಕೆ ಮೇಣ ಉಜ್ಜಿದ್ದೇನೆ, ಶೀಟು ಸಲೀಸಾಗಿ ಸರಿಯುತ್ತದೆ. ಹಿಂದಿನ ಆಸರೆ ಗೋಡೆಯ ಕಡೆಗೆ ತುಸು ವಾಲಿದೆ, ಮುಂದೆ ಅಡ್ಡ ಸರಪಳಿ ಇದೆ. ಸರಪಳಿ ದಂಡಕ್ಕೆ ಅನ್ನಿಸಬಹುದು. ಒಳಗಿನ ಶೀಟು ತೆಗೆಯಲು ಮುಂದಿನ ಐದಾರು ಶೀಟನ್ನು ಮೈಮೇಲೆ ಒರಗಿಸಿಕೊಂಡರೆ ಅದು ಒಂದೂವರೆ ಕ್ವಿಂಟಲ್ ಮೀರುತ್ತದೆ, ಕಾಲು ಜಾರಿದರೆ ತಡೆಯುವವರು ಯಾರೂ ಇರಲ್ಲ.

ತುಂಡುಗಳ ವಿಷಯದಲ್ಲಿ ಕಟ್ಟುನಿಟ್ಟು ಬೇಕು. ಇಲ್ಲದಿದ್ದರೆ ಅವೇ ಶೆಡ್ ನುಂಗುತ್ತವೆ. ರ‍್ಯಾಕ್‌ನ ಕೆಳಗಿನ ಎರಡಡಿ ಎತ್ತರದ ಜಾಗದಲ್ಲಿ ಚಕ್ರದ ಗಾಡಿ, ಅದರಲ್ಲಿ ಮೂರು ಖಾನೆ. ಒಂದಡಿಯಿಂದ ಮೂರಡಿ ತನಕದ್ದಕ್ಕೆ ಮಾತ್ರ ಪ್ರವೇಶ. ಒಂದಡಿಗಿಂತ ಗಿಡ್ಡದ್ದು ಒಲೆಗೆ. ತೇಗ, ಬೀಟೆ ಆದರೆ ವಿನಾಯಿತಿ, ಅದಕ್ಕೊಂದು ಸಣ್ಣ ಡಬ್ಬ. ಡಬ್ಬ ತುಂಬಿದರೆ ಹೊಸದು ಹಾಕಲು ಹಳೆಯದೊಂದು ತೆಗೆಯಬೇಕು. ನಿಯಮ ನಾನೇ ಮಾಡಿದ್ದು, ಮುರಿಯಲು ಮನಸ್ಸಾಗುವುದೂ ನನಗೇ.

ಕರೆಂಟು, ಧೂಳು

ವೈರಿಂಗ್ ಎಲೆಕ್ಟ್ರಿಷಿಯನ್ ಮಾಡಿದ್ದು. ನಾನು ಹೇಳಿ ಮಾಡಿಸಿದ ಕೆಲವು ಮಾತ್ರ ಬರೆಯುತ್ತೇನೆ. ಮನೆಯ ಮೇನ್ ಬೋರ್ಡಿನಿಂದಲೇ ಬೇರೆ ಲೈನ್, ಒಳಗೆ ಸಣ್ಣ ಬೋರ್ಡು, ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ. ದೀಪಗಳ ಸರ್ಕ್ಯೂಟ್ ಬೇರೆ, ಮೆಷಿನ್‌ನದು ಬೇರೆ. ಗರಗಸ ಸಿಕ್ಕಿಕೊಂಡು ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಬಿದ್ದರೆ ದೀಪವೂ ಆರಬಾರದು. ಬ್ಲೇಡು ಇನ್ನೂ ತಿರುಗುತ್ತಿರಬಹುದು, ಅದರ ಹತ್ತಿರ ಕತ್ತಲಲ್ಲಿ ನಿಲ್ಲೋದು ಬೇಡ. ಮೆಷಿನ್‌ಗೆ ಒಂದು, ಧೂಳು ಎಳೆಯುವ ಮೋಟರ್‌ಗೆ ಇನ್ನೊಂದು ಸರ್ಕ್ಯೂಟ್, ಎರಡೂ ಒಟ್ಟಿಗೇ ಓಡುತ್ತವಲ್ಲ. ಇಂಡಕ್ಷನ್ ಮೋಟರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಅದಕ್ಕೆ ಆ ಕ್ಷಣದ ಎಳೆತಕ್ಕೆ ಬೀಳದ ಸಿ ಟೈಪ್ ಎಂಸಿಬಿ. ಸಾಕೆಟ್‌ಗಳೆಲ್ಲ ನಾಲ್ಕೂವರೆ ಅಡಿ ಎತ್ತರದಲ್ಲಿ. ಶೀಟು ಒರಗಿಸಿದರೂ ಮುಚ್ಚಿಹೋಗಲ್ಲ.

ದೀಪಕ್ಕೆ ಮಿನುಗದ ಎಲ್‌ಇಡಿ ಪಟ್ಟಿಗಳು. ಹಳೇ ಚೋಕ್‌ನ ಟ್ಯೂಬ್‌ಲೈಟ್ ಕೆಳಗೆ ತಿರುಗುವ ಬ್ಲೇಡು ನಿಂತ ಹಾಗೆ ಕಾಣಬಹುದು, ಕಡಿಮೆ ದರ್ಜೆಯ ಎಲ್‌ಇಡಿಯಲ್ಲೂ ಅದೇ ತೊಂದರೆ. ಹಗಲಿನ ಬೆಳಕಿಗೆ ಮೇಜಿನ ಮೇಲೆ ಉದ್ದದ ಕಿಟಕಿ. ರ‍್ಯಾಕ್ ಕಡೆ ಕಿಟಕಿ ಇಲ್ಲ, ಬಿಸಿಲು ಬಿದ್ದ ಹಲಗೆಯ ಒಂದು ಮೈ ಮಾತ್ರ ಒಣಗಿ ಬಾಗುತ್ತದೆ.

ಧೂಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕಾಲಿಗೆ ಸಿಗುವ ಹೊಟ್ಟು ಅಷ್ಟು ಕೆಟ್ಟದ್ದಲ್ಲ, ಕಣ್ಣಿಗೆ ಕಾಣದೆ ಗಂಟೆಗಟ್ಟಲೆ ತೇಲುವ ಪುಡಿಯೇ ಶ್ವಾಸಕೋಶಕ್ಕೆ ಇಳಿಯುವುದು. ಎಳೆಯುವ ಮೋಟರ್ ಮತ್ತು ಚೀಲವನ್ನು ಗೋಡೆಯಾಚೆ ಸಣ್ಣ ಗೂಡಿನಲ್ಲಿಟ್ಟು, ನಾಲ್ಕಿಂಚು ಪೈಪನ್ನು ಮಾತ್ರ ಒಳಗೆ ತಂದಿದ್ದೇನೆ. ಸದ್ದೂ ಹೊರಗೆ, ಚೀಲದಿಂದ ಸೋರುವ ಪುಡಿಯೂ ಹೊರಗೆ. ಮರಳುಕಾಗದ ಉಜ್ಜುವಾಗ ಮಾಸ್ಕ್ ಹೇಗೂ ಇರಬೇಕು.

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹೊಟ್ಟು, ಒಣಮರ ತುಂಬಿದ ಶೆಡ್‌ನಲ್ಲಿ ಅದೊಂದೇ ಸಾಕು. ಹೊರಗೆ ತಂತಿಯ ಮೇಲೆ ಬಿಡಿಸಿ ಒಣಹಾಕುತ್ತೇನೆ, ಆಗದಿದ್ದರೆ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬ ಇದೆ.

ಒಳಗಿನ ರ‍್ಯಾಕ್‌ನಲ್ಲಿ ಈಗ ಸುಮಾರು 20 ಘನ ಅಡಿ ಮರ ಇದೆ. ಹೊರಗೆ ಹಲಸು ಒಣಗುತ್ತಿದೆ, ತೂಕ ಇನ್ನೂ ಇಳಿಯುತ್ತಲೇ ಇದೆ. ಅದು ಒಳಗೆ ಬಂದರೆ ಕೆಳಗಿನ ಎರಡು ಅಂತಸ್ತು ತುಂಬುತ್ತದೆ. ಬಾಕಿ ಕೆಲಸ ಎರಡು: ಚಾಚಿದ ಮಾಡಿನ ಅಂಚಿಗೆ ನೀರಿನ ದೋಣಿ ಹಾಕಿಸಬೇಕು, ಪ್ಲೇನರ್‌ನ ಗಾಡಿಗೆ ಬ್ರೇಕ್ ಇರುವ ಚಕ್ರ ತರಬೇಕು. ದೋಣಿ ಮೊದಲು, ಮಳೆಗೆ ಮುಂಚೆ ಆಗಲೇಬೇಕು.